ಕೋಲ್ಡ್ ರೂಮಿನ ಮೈನಸ್

ಮಕ್ಕಳಾದ ಮೇಲೆ ಸಾಫ್ಟ್‌ವೇರ್ ಕೆಲಸ ಬಿಟ್ಟು ಮನೆಯಲ್ಲಿದ್ದ ನನಗೆ ಮತ್ತೆ ಸಿಕ್ಕ ಮೊದಲ ಕೆಲಸ ಐಸ್‌ಕ್ರೀಮಿನದು. ಉರ್ವದಲ್ಲಿ ನಮ್ಮ ಮನೆಯ ಹತ್ತಿರವೇ ಐಸ್‌ಕ್ರೀಮ್ ತಯಾರಿಸುವವರೊಬ್ಬರಿದ್ದರು. ಒಮ್ಮೆ ಕರೆಂಟು ಹೋಗಿ ಸರಕೆಲ್ಲ ನೀರಾಗಿತ್ತು. ಕೋಲ್ಡ್ ರೂಮಿನ ತಾಪಮಾನ ಕದ್ರಿಯ ತಮ್ಮ ಅಂಗಡಿಯಲ್ಲಿ ಕೂತಲ್ಲೇ ಕಾಣುವ ಹಾಗೆ ಮಾಡಿಕೊಡಬೇಕೆಂದು ಕೇಳಿದರು. ಪಾಲುದಾರರಾಗಿದ್ದ ಅವರ ಭಾವನಿಗೆ ಮಾತ್ರ ನಾನು ಬೇಡವಾಗಿತ್ತು.

"ಮನೆಯಲ್ಲಿ ಕೂತವರಿಂದ ಎಂತ ಆಗ್ತದೆ? ಯಾವುದಾದರೂ ಕಂಪನಿಯವರನ್ನು ಕರೆಸುವ ಮಾರಾಯ್ರೆ," ಎಂದು ನನ್ನೆದುರೇ ಹೇಳಿದರು. ಶನಿವಾರ ಎಲ್ಲರೆದುರು ನಡೆಸಿ ತೋರಿಸಿದರೆ ಕೆಲಸ ನನಗೆ, ಇಲ್ಲದಿದ್ದರೆ ಕಂಪನಿಗೆ ಎಂದಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯಲು ಕೂತೆ. ತಂತಿಯಲ್ಲಿ ಸಂಖ್ಯೆ ಸಂಖ್ಯೆಯಾಗಿ ಹೋಗುವುದಿಲ್ಲ, ಬೈಟುಗಳಾಗಿ ಹೋಗುತ್ತದೆ. ಅದಕ್ಕೆ ತಾಪಮಾನವನ್ನು ಹತ್ತರಿಂದ ಗುಣಿಸಿ, ಬಂದ ಪೂರ್ಣಾಂಕವನ್ನು ಎರಡು ಬೈಟು ಮಾಡಿ ಕಳಿಸಿದೆ. ಆಚೆ ಕಡೆ ಅವನ್ನು ಜೋಡಿಸಿ ಹತ್ತರಿಂದ ಭಾಗಿಸಿದೆ. ಊಟದ ಮೇಜಿನ ಮೇಲೆ ಮೂವತ್ತೆರಡು ಡಿಗ್ರಿ ಸರಿಯಾಗಿ ಬಂತು. ಐಸು ಹಾಕಿದ ಲೋಟದಲ್ಲಿ ಎರಡು ಡಿಗ್ರಿಯೂ ಸರಿಯಾಗಿ ಬಂತು. ಗೆದ್ದೆ ಎಂದುಕೊಂಡೆ.

ಶನಿವಾರ ಉರ್ವದಲ್ಲಿ ಕೆಲಸದವರು ತಾಪಮಾನ ಅಳೆಯುವ ನನ್ನ ಸೆನ್ಸರನ್ನು ಕೋಲ್ಡ್ ರೂಮಿನ ಒಳಗಿಟ್ಟು ಬಾಗಿಲು ಹಾಕಿದರು. ಐಸ್‌ಕ್ರೀಮಿನ ಧಣಿ, ಭಾವ, ನಾನು ಮೂವರೂ ಕದ್ರಿಯ ಅಂಗಡಿಯ ಪರದೆಯೆದುರು ಕೂತೆವು. ಇಪ್ಪತ್ತು, ಒಂಬತ್ತು, ಒಂದು, ಸೊನ್ನೆ. ಅಲ್ಲಿಗೆ ನಿಂತಿತು.

"ಎಂತ ಮೇಡಂ, ಸೊನ್ನೆಯಲ್ಲೇ ಕೂತುಬಿಟ್ಟಿತಲ್ಲ?" ಎಂದರು ಧಣಿ. ಭಾವ ಮೊಬೈಲು ತೆಗೆದು ಕಂಪನಿಯ ನಂಬರು ಹುಡುಕತೊಡಗಿದರು.

ಉರ್ವದಿಂದ ಕಳಿಸುವ ಪ್ರೋಗ್ರಾಮನ್ನು ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಿದ್ದ ನನ್ನ ಲ್ಯಾಪ್‌ಟಾಪಿನಲ್ಲಿ ಪೈಥಾನ್ ತಪ್ಪು ತೋರಿಸುತ್ತಿತ್ತು: ಋಣ ಸಂಖ್ಯೆಯನ್ನು ಹೀಗೆ ಬೈಟು ಮಾಡಲಾಗದು. ಓದಿ ಜೋರಾಗಿ ನಕ್ಕುಬಿಟ್ಟೆ. ಡಿಸೆಂಬರಿನಲ್ಲೂ ಫ್ಯಾನ್ ಹಾಕಿ ಮಲಗುವ ಮಂಗಳೂರಿನವಳಿಗೆ ಮೈನಸ್ ಎಲ್ಲಿಂದ ನೆನಪಾಗಬೇಕು! ಸಂಖ್ಯೆ ಸೊನ್ನೆಗಿಂತ ಕೆಳಗೂ ಇಳಿಯಬಹುದೆಂದು ಪೈಥಾನಿಗೆ ಮೊದಲೇ ಹೇಳಬೇಕು. ಕಳಿಸುವ ಸಾಲಿನಲ್ಲಿ signed=True ಸೇರಿಸಿದೆ.

ಪರದೆಯಲ್ಲಿ 6535.6 ಡಿಗ್ರಿ ಬಂತು.

"ಇದರಲ್ಲಿ ಐಸ್‌ಕ್ರೀಮ್ ಅಲ್ಲ, ಕೋಳಿ ಬೇಯಿಸಿ ಕೋರಿ ಸುಕ್ಕ ಮಾಡಬಹುದು!" ಎಂದರು ಭಾವ.

ಅವರು ನಕ್ಕರೂ ನನಗೆ ಹೆದರಿಕೆಯಾಗಲಿಲ್ಲ. ಬೈಟುಗಳು ಸರಿಯಾಗಿಯೇ ಬಂದಿದ್ದವು. ಓದುವ ಕಡೆಗೆ ಮೈನಸ್ಸಿನ ವಿಷಯ ಇನ್ನೂ ಗೊತ್ತಿರಲಿಲ್ಲ, ಅಷ್ಟೆ. ಅಲ್ಲಿಯೂ ಅದೇ ಮಾತು ಸೇರಿಸಿ ಎಂಟರ್ ಒತ್ತಿದೆ.

ಮೈನಸ್ ಹದಿನೆಂಟು.

ಧಣಿ ಉರ್ವಕ್ಕೆ ಫೋನು ಮಾಡಿ, ಕೋಲ್ಡ್ ರೂಮಿನ ಬಾಗಿಲ ಮೇಲಿನ ಮೀಟರು ನೋಡಿಸಿದರು. ಅಲ್ಲಿಯೂ ಮೈನಸ್ ಹದಿನೆಂಟೇ! ಎದ್ದು ಕುಣಿಯಬೇಕೆನಿಸಿತು ನನಗೆ. ಇಷ್ಟು ವರ್ಷ ಮನೆಯಲ್ಲಿ ಕೂತರೂ ನನ್ನ ತಲೆಗೆ ತುಕ್ಕು ಹಿಡಿದಿರಲಿಲ್ಲ.

ಭಾವ ಮೊಬೈಲನ್ನು ಕಿಸೆಗೆ ಹಾಕಿದರು. "ಮೇಡಂ, ಉಳ್ಳಾಲದಲ್ಲಿ ನನ್ನದೊಂದು ಮೀನಿನ ಕೋಲ್ಡ್ ರೂಮ್ ಉಂಟು. ಅದಕ್ಕೂ ಮಾಡಿಕೊಡ್ತೀರಾ?" ಎಂದರು.

"ಮಾಡ್ತೇನೆ," ಎಂದೆ. "ಮೊದಲು ಆ ಕೋರಿ ಸುಕ್ಕ ತರಿಸಿ."