ಮುಹೂರ್ತಕ್ಕೆ ಹಾಕಿದ ಸರಾಸರಿ ಲೆಕ್ಕ

೧೯೯೭ರ ಬೇಸಿಗೆ. ನಾನಾಗ ಕೊಟ್ಟೂರಿನಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನನ್ನ ತಮ್ಮನ ಮದುವೆ ಹೆಣ್ಣಿನ ಊರಿನಲ್ಲಿ, ಹಂಪಸಾಗರದ ಆಚೆ. ಮುಹೂರ್ತ ಹತ್ತೂ ಮೂವತ್ತೈದರೊಳಗೆ. ಹೆಣ್ಣಿನ ಅಜ್ಜಿ ಮೊದಲೇ ಹೇಳಿ ಕಳಿಸಿದ್ದರು: "ಹೊತ್ತು ಮೀರಿದ್ರ ಅಕ್ಕಿಕಾಳು ಬೀಳಂಗಿಲ್ಲ."

"ಹಿಂದಿನ ಸಂಜಿಗೇ ಹೋಗೋಣು" ಎಂದ ಅಪ್ಪನಿಗೆ ನಾನು ಚೀಟಿಯಲ್ಲಿ ಲೆಕ್ಕ ತೋರಿಸಿದೆ. ಹಗರಿಬೊಮ್ಮನಹಳ್ಳಿವರೆಗೆ ಡಾಂಬರು, ಮೂವತ್ತು ಕಿಲೋಮೀಟರ್. ದಿಬ್ಬಣದ ಲಾರಿ ಗಂಟೆಗೆ ಅರವತ್ತು ಓಡುತ್ತದೆ. ಮುಂದಿನ ಮೂವತ್ತು ಕಿತ್ತುಹೋದ ರಸ್ತೆ, ಅಲ್ಲಿ ಇಪ್ಪತ್ತು. ಸರಾಸರಿ ನಲವತ್ತು. ಅಂದರೆ ಒಂದೂವರೆ ಗಂಟೆ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಹತ್ತಕ್ಕೆ ಅಲ್ಲಿ.

"ಓದಿದಾವ ಹೇಳ್ತಾನ" ಎಂದು ಅಪ್ಪ ಒಪ್ಪಿದರು.

ಒಂಬತ್ತಕ್ಕೆ ಸರಿಯಾಗಿ ಹಗರಿಬೊಮ್ಮನಹಳ್ಳಿ ದಾಟಿದಾಗ ನಾನು ಬೀಗಿದ್ದೇ ಬೀಗಿದ್ದು. ಆಮೇಲೆ ಲಾರಿ ಕುಂಟತೊಡಗಿತು. ಹತ್ತು ಗಂಟೆಯಾದರೂ ಊರು ಇನ್ನೂ ಹತ್ತು ಕಿಲೋಮೀಟರ್ ಇತ್ತು.

"ಹುಸೇನಪ್ಪ, ಜಲ್ದಿ ಹೊಡಿಯಪ್ಪ" ಎಂದೆ ಡ್ರೈವರನಿಗೆ.

"ಆಕ್ಸಲ್ ಮುರದ್ರ ಇಲ್ಲೇ ಕುಂದ್ರಬೇಕಾಕೈತ್ರಿ ಮೇಷ್ಟ್ರ. ಛಲೋ ರಸ್ತ್ಯಾಗ ಅರ್ಧ ತಾಸು ಬಂದ್ವಿ. ಈ ಹಾಳು ರಸ್ತ್ಯಾಗ ಒಂದೂವರಿ ತಾಸು ಬೇಕು. ಎರಡೂ ಸಮ ಹೆಂಗಾಕ್ಕಾವ್ರಿ?"

ಒಟ್ಟು ಎರಡು ಗಂಟೆ, ಸರಾಸರಿ ಮೂವತ್ತು! ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಬೇಕು: ಇದನ್ನೇ ಅಲ್ಲವೇ ನಾನು ವರ್ಷವಿಡೀ ಬೋರ್ಡಿನ ಮೇಲೆ ಬರೆದದ್ದು?

ಹತ್ತೂಕಾಲಿಗೆ ಐದು ಕಿಲೋಮೀಟರ್ ಉಳಿದಿತ್ತು. ಭಯಕ್ಕೆ ಅದನ್ನು ಐದು ಸಾವಿರ ಮೀಟರ್ ಮಾಡಿದೆ, ವೇಗವನ್ನು ಸೆಕೆಂಡಿಗೆ ಐದೂವರೆ ಮೀಟರ್ ಮಾಡಿದೆ. ಉತ್ತರ ಸುಮಾರು ಒಂಬೈನೂರು ಸೆಕೆಂಡು. ಅಂದರೆ ಅದೇ ಕಾಲು ಗಂಟೆ. ಅಳತೆಯ ಮಾನ ಬದಲಿಸಿದರೆ ದಾರಿ ಸವೆಯುತ್ತದೆಯೇ? ಹಿಂದೆ ಕೂತ ತಮ್ಮನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಹತ್ತೂವರೆಗೆ ಲಾರಿ ನಿಂತಿತು. ತಮ್ಮ ಬಾಸಿಂಗ ಕೈಯಲ್ಲಿ ಹಿಡಿದೇ ಧುಮುಕಿ ಓಡಿದ. ವಧೂವರರ ಮೇಲೆ ಅಕ್ಕಿಕಾಳು ಬಿದ್ದಾಗ ಮುಹೂರ್ತ ಮೀರಲು ಇನ್ನೆರಡು ನಿಮಿಷವಷ್ಟೇ ಉಳಿದಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮದುವೆಗೆ ಮೊದಲು, ಆ ಮಾರ್ಚಿನ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇದೇ ಲೆಕ್ಕಕ್ಕೆ ನಲವತ್ತು ಎಂದು ಬರೆದಿದ್ದ ಹತ್ತನೇ ತರಗತಿಯ ಶಾಂತಮ್ಮನಿಗೆ ನಾನು ಸೊನ್ನೆ ಕೊಟ್ಟು, "ತಲಿಯಾಗ ಏನೈತಿ ನಿಂದು?" ಎಂದು ಎಲ್ಲರೆದುರು ಬೈದಿದ್ದೆ. ಅವಳು ತಲೆ ತಗ್ಗಿಸಿ ಅತ್ತಿದ್ದಳು. ಜೂನಿನಲ್ಲಿ ಶಾಲೆ ತೆರೆದಾಗ, ನಾನೂ ಅದೇ ತಪ್ಪು ಮಾಡಿದೆ ಎಂದು ಮೊದಲು ಅವಳಿಗೇ ಹೇಳಬೇಕೆಂದು ಹೋದೆ. ಅವಳದು ಹತ್ತನೇ ತರಗತಿ ಎಂಬುದೇ ನನಗೆ ಮರೆತಿತ್ತು; ಪಾಸಾಗಿ ಹೋಗಿಬಿಟ್ಟಿದ್ದಳು. ಆ ಮಾತು ಇನ್ನೂ ನನ್ನಲ್ಲೇ ಉಳಿದಿದೆ.