ಬೆಕ್ಕಿಗೆ ಕೋರ್ಟಿನ ಆರ್ಡರ್

೧೯೬೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ. ಯಾರೂ ಬಿಡಿಸಲಿಲ್ಲ, ಫೇಲೂ ಆಗಿರಲಿಲ್ಲ. ಮಗ್ಗದ ಮುಂದೆ ಕೂತರೆ ಕೈ ತಾನೇ ಓಡುತ್ತಿತ್ತು, ಬಿಟ್ಟೆ. ಅಂಥವನು ಕಳೆದ ವಾರ ಹುನಗುಂದ ಕೋರ್ಟಿನಲ್ಲಿ ಒಬ್ಬ ವಕೀಲರ ಮೇಲೆ ಹಾಕಿದ್ದ ದಾವೆ ಗೆದ್ದೆ. (ಹೌದು, ವಕೀಲರ ಮೇಲೆಯೇ. ಚಹಾ ಆಮೇಲೆ ಕುಡಿಯಿರಿ, ಮೊದಲು ಓದಿ.)

ಎಮರ್ಜೆನ್ಸಿ ಮುಗಿದ ವರ್ಷ ಇಳಕಲ್ಲಿನ ನಮ್ಮ ಸಾವುಕಾರ ದಿವಾಳಿಯೆದ್ದ. ಅವನ ಆಸ್ತಿ ವಶಕ್ಕೆ ತೆಗೆದುಕೊಂಡು, ಮಾರಿ, ಸಾಲ ಕೊಟ್ಟವರಿಗೆ ಹಂಚಲು ಕೋರ್ಟು ಒಬ್ಬ ವಕೀಲರನ್ನು ರಿಸೀವರ್ ಎಂದು ನೇಮಿಸಿತು. ಸಾಹೇಬರು ಬಂದವರೇ ನಾವು ನೇಯುತ್ತಿದ್ದ ಸಾವುಕಾರನ ಶೆಡ್ಡಿಗೆ ಬೀಗ ಜಡಿದು ಅರಗಿನ ಸೀಲ್ ಹಾಕಿದರು.

ಶೆಡ್ಡು ಸಾವುಕಾರನದು, ನಿಜ. ಒಳಗಿದ್ದ ಒಂದು ಮಗ್ಗ ನನ್ನದು! ಅದರ ಮೇಲೆ ಅರ್ಧ ನೇಯ್ದಿದ್ದ ಸೀರೆಯೂ ನನ್ನದು. ನನಗೆ ಮದುವೆ ಗೊತ್ತಾಗಿತ್ತು. ಅಕ್ಷತೆ ಬೀಳುವಾಗ ಗಂಗವ್ವ ಉಡಬೇಕಾಗಿದ್ದ ಸೀರೆ ಅದು. ನೇಕಾರನ ಹೆಂಡತಿ ಅಂಗಡಿ ಸೀರೆ ಉಟ್ಟು ಹಸೆ ಏರಿದರೆ ನಮ್ಮ ಓಣಿಯಲ್ಲಿ ಮುಖ ತೋರಿಸುವುದುಂಟೇ?

ಓಡಿದೆ.

“ಸಾಹೇಬ್ರ, ಅದು ನನ್ನ ಮಗ್ಗರಿ.”

“ಎಲ್ಲಾರೂ ಹಂಗ ಅಂತಾರ. ಕೋರ್ಟ್ ತೀರ್ಮಾನ ಮಾಡತೈತಿ.”

“ಮಾಡ್ಲಿರಿ. ಆದ್ರ ನೂಲಿಗೆ ಗಂಜಿ ಹಚ್ಚೇನಿ, ಒಳಗ ಇಲಿ ಭಾಳ ಅದಾವ. ಒಂದು ಬೆಕ್ಕರ ಬಿಡ್ರಿ.”

“ಸೀಲ್ ಒಡದು ಬೆಕ್ಕ ಬಿಡಾಕ ಕೋರ್ಟಿನ ಆರ್ಡರ್ ಬೇಕಲೇ ತಮ್ಮಾ!”

“ತಗೊಳ್ರಿ ಮತ್ತ.”

“ಬೆಕ್ಕಿನ ಸಲುವಾಗಿ ಅರ್ಜಿ ಹಾಕ್ಲೇನು?” ಎಂದು ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಸುತ್ತ ನಿಂತ ಓಣಿಯೂ ನಕ್ಕಿತು. (ಆ ಓಣಿಯೇ ಮುಂದೆ ನನ್ನ ಸಾಕ್ಷಿಯಾಯಿತು.)

ಮಳೆಗಾಲ ಕಳೆದ ಮೇಲೆ ಶೆಡ್ಡು ತೆರೆಯಿತು. ಬೀಗ ಗಟ್ಟಿ. ಸೀಲು ಭದ್ರ. ಕಾವಲುಗಾರ ಬಾಗಿಲಲ್ಲೇ. ಒಳಗೆ ಮಗ್ಗದ ಹಗ್ಗಗಳೆಲ್ಲ ತುಂಡು ತುಂಡು. ಬಾಣಂತಿ ಇಲಿಯೊಂದು ನನ್ನ ಕೆಂಪು ರೇಷ್ಮೆಯ ಚೂರುಗಳ ಮೇಲೆ ಮರಿಗಳೊಡನೆ ಮಲಗಿತ್ತು, ತವರಿನವರು ತಂದ ಹಾಸಿಗೆ ಎಂಬಂತೆ. ಗಂಗವ್ವ ಅಂಗಡಿ ಸೀರೆ ಉಟ್ಟೇ ಹಸೆ ಏರಿದಳು.

ಬಿಟ್ಟೇನೆ? ಆದರೆ ಹುನಗುಂದದಲ್ಲಿ ನನಗೆ ವಕೀಲರೇ ಸಿಗಲಿಲ್ಲ. ಎಲ್ಲರೂ ರಿಸೀವರ್ ಸಾಹೇಬರ ಜೊತೆ ಒಂದೇ ಬೆಂಚಿನಲ್ಲಿ ಚಹಾ ಕುಡಿಯುವವರು. ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆ. ಅಲ್ಲಿಯ ಮಕಾನದಾರ ವಕೀಲರು ಎಲ್ಲ ಕೇಳಿ, “ಕೋರ್ಟ್ ಇಟ್ಟ ರಿಸೀವರ್ ಮ್ಯಾಲ ದಾವಾ ಹಾಕಾಕ ಅದ ಕೋರ್ಟಿನ ಪರವಾನಗಿ ಬೇಕಪಾ” ಎಂದರು.

ನೋಡಿ! ಬೆಕ್ಕಿಗೂ ಆರ್ಡರ್, ದಾವೆಗೂ ಆರ್ಡರ್. ಈ ದೇಶದಲ್ಲಿ ಇಲಿಯೊಂದೇ ಸ್ವತಂತ್ರ.

ಪರವಾನಗಿ ಸಿಕ್ಕಿತು. ವರ್ಷಗಟ್ಟಲೆ ವಾಯಿದೆಯ ಮೇಲೆ ವಾಯಿದೆ. ಕೊನೆಗೊಮ್ಮೆ ಸಾಹೇಬರು ಕಟಕಟೆ ಏರಿದರು. ಬೀಗ ಹಾಕಿದೆ, ಸೀಲ್ ಹಾಕಿದೆ, ಕಾವಲಿಟ್ಟೆ, ಇನ್ನೇನು ಮಾಡಬೇಕಿತ್ತು ಎಂದರು.

ಮಕಾನದಾರರು ಎದ್ದರು. “ಒಳಗ ಇಲಿ ಅದಾವಂತ ಇಂವ ನಿಮಗ ಹೇಳಿದ್ನೋ ಇಲ್ರೋ?”

“ಹೇಳಿದ್ದ.”

“ನೀವೇನ್ ಮಾಡಿದ್ರಿ?”

ಸಾಹೇಬರು ಹಿಂದಿನ ಬೆಂಚುಗಳತ್ತ ನೋಡಿದರು. ಇಡೀ ಓಣಿ ಬಂದು ಕೂತಿತ್ತು.

“ನಕ್ಕೆ,” ಎಂದರು.

ಬೀಗ ಹಾಕಿದ ಮಾತ್ರಕ್ಕೆ ಕಾದಂತಾಗುವುದಿಲ್ಲ, ಮಗ್ಗ ಮತ್ತು ಸೀರೆಯ ನಷ್ಟವನ್ನು ರಿಸೀವರರು ತಮ್ಮ ಜೇಬಿನಿಂದಲೇ ತುಂಬಿಕೊಡಬೇಕು ಎಂದು ಜಡ್ಜರು ತೀರ್ಪು ಕೊಟ್ಟರು. ಇದು ಒಬ್ಬ ರಿಸೀವರರ ಮಾತೇ? ನಮ್ಮ ದವಾಖಾನೆಯ ಔಷಧಿ ಕಪಾಟಿನಲ್ಲಿ ಭದ್ರ, ರೋಗಿ ಹೊರಗೆ. ವಾಚನಾಲಯದ ಪುಸ್ತಕಕ್ಕೂ ಬೀಗ, ಗೆದ್ದಲಿಗೆ ಮಾತ್ರ ಓದು. ಕೀಲಿ ಕಿಸೆಯಲ್ಲಿದ್ದರೆ ನಮ್ಮವರಿಗೆ ಡ್ಯೂಟಿ ಮುಗಿದಂತೆ.

ಮೀಸೆ ತಿರುವಿಕೊಂಡು ಮನೆಗೆ ಬಂದು ಸುದ್ದಿ ಹೇಳಿದೆ. ಗಂಗವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: “ಗೆದ್ರಿ, ಖರೆ. ನನ್ನ ಸೀರಿ ಎಲ್ಲೈತಿ?”

ಮರುದಿನವೇ ಮಗ್ಗಕ್ಕೆ ಕೂತೆ.

ಈಗ ನನ್ನ ಬಳಿ ಇರುವುದು ಇಷ್ಟು: ಮಗ್ಗ ಮೂರು, ಅರ್ಧ ನೇಯ್ದ ಕೆಂಪು ಸೆರಗಿನ ಸೀರೆ ಒಂದು, ಆರ್ಡರಿಲ್ಲದೆ ಒಳಬಂದ ಬೆಕ್ಕು ಎರಡು.