ಮೂಳೆ ಅಲುಗದ ಹಾಗೆ

ಬೆಳಗಿನ ಮಂಜು ಇನ್ನೂ ಕರಗಿಲ್ಲ. ಸಂಸೆ ಊರಿನ ತಮ್ಮ ಮನೆಯಂಗಳದಲ್ಲಿ ಏಕಾಂತಪ್ಪ ಅಡಿಕೆ ಹಾಳೆಗಳನ್ನು ತೋಳಿನಷ್ಟುದ್ದ ಕತ್ತರಿಸಿ, ಅಂಚು ಸವರಿ, ಜೀಪಿನ ಸೀಟಿನಡಿ ಜೋಡಿಸುತ್ತಿದ್ದಾರೆ. ಜತೆಗೆ ಹಳೆ ಸೀರೆಯ ಪಟ್ಟಿಗಳು. ದಿನವೂ ಕಳಸಕ್ಕೆ ಬಾಡಿಗೆ ಓಡುವ ಈ ಜೀಪೇ, ತೋಟದಲ್ಲಿ ಯಾರಾದರೂ ಬಿದ್ದರೆ ಆಂಬುಲೆನ್ಸ್.

ಅವರ ಎಡಗೈ ಪೂರ್ತಿ ನೆಟ್ಟಗಾಗುವುದಿಲ್ಲ. ಹರೆಯದಲ್ಲಿ ಜೀಪಿನ ಟಾಪಿನಿಂದ ಬಿದ್ದು ಮೊಣಕೈ ಕೀಲು ತಪ್ಪಿತ್ತು. ಪರಿಚಯದವರೊಬ್ಬರು ಕೂರಿಸುತ್ತೇನೆಂದು ಜಗ್ಗಿದರು. ಮೂಳೆಯೂ ಮುರಿದಿದೆ ಎಂಬುದು ಆಮೇಲೆ ಎಕ್ಸ್‌ರೇಯಲ್ಲಿ ತಿಳಿಯಿತು. ಆಪರೇಷನ್ ಆದರೂ ಕೈ ಮೊದಲಿನಂತಾಗಲಿಲ್ಲ. ಇನ್ನೊಬ್ಬರಿಗೆ ಹೀಗಾಗಬಾರದೆಂದು ಆರೋಗ್ಯ ಕೇಂದ್ರದ ನರ್ಸ್ ರಜನಿಯವರ ಬಳಿ ಕೂತು, ಮೂಳೆ ಅಲುಗದ ಹಾಗೆ ಹಾಳೆ ಇಟ್ಟು ಕಟ್ಟುವುದನ್ನು ಕಲಿತರು.

ಕಾಳುಮೆಣಸಿನ ಕೊಯ್ಲು ಶುರುವಾದರೆ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿದ ಏಣಿಗಳದ್ದೇ ಭಯ. ಹೋದ ವರ್ಷ ಹಾಗೆ ಬಿದ್ದವರು ತೋಟದ ಕೆಲಸದ ಜವರಮ್ಮ. ಏಕಾಂತಪ್ಪ ತಲುಪಿದಾಗ ಆಕೆಯ ಬಲ ಮೊಣಕೈ ಹಿಂದಕ್ಕೆ ಉಬ್ಬಿ ನಿಂತಿತ್ತು. ತೋಟದ ಮೇಸ್ತ್ರಿ ಓಂಕಾರಪ್ಪ ಎಳೆದು ಕೂರಿಸಲು ಬಗ್ಗಿದ್ದರು. ನೋವು ತಾಳಲಾರದೆ ಆಕೆಯೂ ಎಳೆದುಬಿಡಿ ಎಂದು ಅಂಗಲಾಚುತ್ತಿದ್ದರು. ಏಕಾಂತಪ್ಪ ನಡುವೆ ಕೂತು ತಮ್ಮ ಅಂಗಿಯ ತೋಳು ಮಡಚಿದರು.

"ಇದು ನೋಡಿ ಮಾರಾಯ್ರೇ, ಎಳೆಸಿಕೊಂಡ ಕೈ. ಹೆಂಗಿದೆಯೋ ಹಂಗೇ ಕಟ್ಟೋಣ. ಕೂರಿಸೋದು ಡಾಕ್ಟ್ರ ಕೆಲಸ."

ಮೇಸ್ತ್ರಿ ಹಿಂದೆ ಸರಿದರು. ಆದರೆ ಜವರಮ್ಮನ ಬೆರಳುಗಳು ಬಿಳಿಚಿ ತಣ್ಣಗಾಗಿದ್ದವು. ರಕ್ತ ಸರಿಯಾಗಿ ಹರಿಯುತ್ತಿಲ್ಲ ಎಂದು ಏಕಾಂತಪ್ಪನವರಿಗೆ ಹೊಳೆಯಿತು. ಹಾಳೆಯನ್ನು ಕೈ ಬಾಗಿದ್ದ ರೀತಿಗೆ ತಕ್ಕಂತೆ ಬಾಗಿಸಿ, ಬಿಗಿಯಾಗದಂತೆ ಪಟ್ಟಿ ಸುತ್ತಿ, ಆಸ್ಪತ್ರೆಗೆ ಫೋನ್ ಮಾಡಿಸಿ ಹೊರಟರು. ತಡವಾದರೆ ಕೈಗೇ ಕುತ್ತು. ಕುಲುಕಿದರೆ ಜೀವ ಹೋಗುವಷ್ಟು ನೋವು.

"ಜೋರಾಗಿ ಬಿಡ್ಲೋ, ನಿಧಾನ ಹೋಗ್ಲೋ ಗೊತ್ತಾಗ್ಲಿಲ್ಲ. ಗಾಡಿ ಓಡಿಸೋಕೆ ಹೆದರಿದ್ದು ಅವತ್ತೊಂದೇ ದಿನ" ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಸಿದ್ಧರಾಗಿ ಕಾದಿದ್ದರು. ಎಕ್ಸ್‌ರೇ ನೋಡಿ, ಮಂಪರು ಬರುವ ಮದ್ದು ಕೊಟ್ಟು ಕೀಲು ಕೂರಿಸಿದರು. ಹೊರಗೆ ಬೆಂಚಿನಲ್ಲಿದ್ದ ಏಕಾಂತಪ್ಪನವರನ್ನು ಒಳಗೆ ಕರೆದರು. ಏಕಾಂತಪ್ಪ ಜವರಮ್ಮನ ಬೆರಳು ಮುಟ್ಟಿ ನೋಡಿದರು. ಬೆಚ್ಚಗಿದ್ದವು. ಹೊರಬಂದು ಜೀಪು ತೊಳೆಯತೊಡಗಿದರಂತೆ.

ಈ ಸಲ ಕಾಫಿ ಕೊಯ್ಲಿಗೆ ಜವರಮ್ಮ ಎರಡೂ ಕೈಯಲ್ಲಿ ರೆಂಬೆ ಬಗ್ಗಿಸುತ್ತಿದ್ದಾರೆ. ಏಣಿ ಮಾತ್ರ ಹತ್ತುವುದಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಏಕಾಂತಪ್ಪ ನಗುತ್ತಾರೆ. "ಎಲ್ಲೆಲ್ಲಿ ಗುಂಡಿ ಇದೆ ಅಂತ ನಂಗಿಂತ ಮೂಳೆ ಮುರಿದೋರಿಗೇ ಚೆನ್ನಾಗಿ ಗೊತ್ತು. ಈ ರಸ್ತೆ ಒಂದು ಸರಿಯಾಗ್ಲಿ. ಅವ್ರು ನನ್ನ ಬೈಯೋದಾದ್ರೂ ನಿಲ್ತದೆ."